ಎಲ್ಲ ಬಸ್ಸೂ ಮೆಜೆಸ್ಟಿಕ್‌ಗೇ ಬರಬೇಕಾ?

ಓದುಗರ ಪತ್ರ: ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದೇನೆ. ನಾವು ನಾಲ್ವರು ಸೇರಿ ಕೆರೆ ನೀರಿನ ಪಿಎಚ್ (ನೀರು ಎಷ್ಟು ಹುಳಿ ಅನ್ನುವ ಅಳತೆ) ಅಳೆದು ಮೊಬೈಲ್‌ನಲ್ಲಿ ತೋರಿಸುವ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಕೆಲಸದಲ್ಲಿ 80 ಭಾಗ ನನ್ನದೇ. ರಿಪೋರ್ಟ್ ಬರೆಯಬೇಕಾದವನು ದಾಬಸ್‌ಪೇಟೆಯಿಂದ ಓಡಾಡುತ್ತಾನೆ, ಮೀಟಿಂಗ್‌ಗೆ ಬರುವುದೇ ಇಲ್ಲ. ಎರಡನೇ ರಿವ್ಯೂನಲ್ಲಿ ಎಲ್ಲರ ಮುಂದೆ ಮಾನ ಹೋಯಿತು. ಗೈಡ್‌ಗೆ ಹೇಳಿ ಅವನ ಹೆಸರು ತೆಗೆಸಲೇ? ರಿಪೋರ್ಟ್‌ನಲ್ಲಿ ನನ್ನ ಹೆಸರು ಮೊದಲು ಹಾಕಿಸಬಹುದೇ?
– ಹೆಸರು ಬೇಡ ಎಂದವರು, ಬೆಂಗಳೂರು

ಸಂಪಾದಕರ ಉತ್ತರ: ಪತ್ರವನ್ನು ಮೊಟಕು ಮಾಡಿದ್ದೇವೆ, ಬೇಜಾರಾಗಬೇಡಿ. ಆದರೆ ರಿವ್ಯೂನಲ್ಲಿ ನಡೆದದ್ದನ್ನು ನೀವು ಬರೆದ ರೀತಿ ಚೆನ್ನಾಗಿದೆ, ಅಲ್ಲಿಂದಲೇ ಶುರು ಮಾಡುತ್ತೇನೆ. ಸ್ಯಾಂಕಿ ಕೆರೆಯಿಂದ ಬಾಟಲಿಯಲ್ಲಿ ತಂದ ನೀರಿಗೆ ಸೆನ್ಸರ್ ಅದ್ದಿದಿರಿ. ಮೊಬೈಲ್ ಪರದೆಯಲ್ಲಿ ಪಿಎಚ್ 2.5 ಎಂದು ಬಂತು. ಅಂದರೆ ಕೆರೆ ನೀರು ಹೆಚ್ಚುಕಮ್ಮಿ ನಿಂಬೆರಸದಷ್ಟು ಹುಳಿ! ಗೈಡ್ ನಕ್ಕಿದ್ದರಲ್ಲಿ ತಪ್ಪಿಲ್ಲ ಬಿಡಿ. ಆಮೇಲೆ ಗೊತ್ತಾಯಿತು, ಸೆನ್ಸರ್ ಜೋಡಿಸಿದ ಹುಡುಗ ಕಳಿಸುತ್ತಿದ್ದದ್ದು ವೋಲ್ಟೇಜ್. ಆ್ಯಪ್ ಬರೆದ ಹುಡುಗಿ ಅದನ್ನೇ ಪಿಎಚ್ ಅಂದುಕೊಂಡಿದ್ದಳು. ಇಂಥ ಎಷ್ಟೋ ಮಾಡ್ಯೂಲ್‌ಗಳು ಪಿಎಚ್ 7 (ಹುಳಿಯೂ ಅಲ್ಲ, ಕ್ಷಾರವೂ ಅಲ್ಲ) ಇದ್ದಾಗ ಸುಮಾರು 2.5 ವೋಲ್ಟ್ ಕೊಡುತ್ತವೆ. ಸೆನ್ಸರ್ ಸರಿಯಾಗೇ ಇತ್ತು. ಆ್ಯಪ್ ಕೂಡ ಬಂದದ್ದನ್ನು ಸರಿಯಾಗೇ ತೋರಿಸಿತು. ಅವರಿಬ್ಬರು ಒಂದು ಸಲವೂ ಕೂತು ಮಾತಾಡಿರಲಿಲ್ಲ, ಅಷ್ಟೇ.

ಯಾಕೆ ಮಾತಾಡಿರಲಿಲ್ಲ ಅನ್ನೋದೂ ನಿಮ್ಮ ಪತ್ರದಲ್ಲೇ ಇದೆ: ‘ಎಲ್ಲರೂ ನನಗೆ ಕಳಿಸ್ತಾರೆ, ನಾನು ಜೋಡಿಸ್ತೀನಿ.’ ನಾಲ್ವರಲ್ಲಿ ಇಬ್ಬಿಬ್ಬರಂತೆ ಲೆಕ್ಕ ಹಾಕಿ, ಆರು ಜೋಡಿ ಆಗುತ್ತದೆ. ನಿಮ್ಮ ಗುಂಪಿನಲ್ಲಿ ಮಾತು ನಡೆದಿರುವುದು ನೀವಿರುವ ಮೂರು ಜೋಡಿಯಲ್ಲಿ ಮಾತ್ರ. ಎಲ್ಲಿಗೆ ಹೋಗುವ ಬಸ್ಸಾದರೂ ಮೆಜೆಸ್ಟಿಕ್‌ಗೆ ಬಂದೇ ಹೋಗಬೇಕು ಅಂದರೆ ಏನಾಗುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕಾ? ನೀವು ಸುಸ್ತಾಗಿರುವುದು ನಿಜ. ಆದರೆ ಆ ಬಸ್ಸುಗಳಲ್ಲಿ ಅರ್ಧವನ್ನು ತಿರುಗಿಸಿಕೊಂಡವರು ನೀವೇ.

ಇನ್ನು ಆ 80 ಭಾಗ. 1979ರಲ್ಲಿ ರಾಸ್ ಮತ್ತು ಸಿಕೋಲಿ ಎಂಬ ಸಂಶೋಧಕರು ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೇಳಿದರು, ಮನೆಯ ಕೆಲಸಗಳಲ್ಲಿ ನಿಮ್ಮ ಪಾಲೆಷ್ಟು ಅಂತ. ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಪಾಲು ಕೂಡಿದರೆ ಪೂರ್ತಿ ಕೆಲಸಕ್ಕಿಂತ ಜಾಸ್ತಿಯಾಯಿತು. ಸುಳ್ಳು ಹೇಳಿದರು ಅಂತಲ್ಲ. ನಾವು ಮಾಡಿದ್ದು ನಮಗೆ ಚೆನ್ನಾಗಿ ನೆನಪಿರುತ್ತದೆ. ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು ಸೆನ್ಸರ್ ತಂದವನ ಮಧ್ಯಾಹ್ನ ನಿಮ್ಮ ಲೆಕ್ಕದಲ್ಲಿ ಇದೆಯಾ, ನೋಡಿಕೊಳ್ಳಿ.

ಹಾಗಂತ ಮೈಗಳ್ಳತನ ಇರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಫ್ರಾನ್ಸಿನ ರಿಂಗಲ್‌ಮನ್ ಎಂಬ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ, 1913ರಲ್ಲಿ ಫಲಿತಾಂಶ ಪ್ರಕಟಿಸಿದ. ಎಂಟು ಜನ ಸೇರಿ ಎಳೆದಾಗ ತಲಾ ಬಲ, ಒಬ್ಬೊಬ್ಬರೇ ಎಳೆದಾಗಿನ ಅರ್ಧಕ್ಕೆ ಇಳಿದಿತ್ತು. ಒಂದು ಕಾರಣ, ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುವುದಿಲ್ಲ. ಇನ್ನೊಂದು, ನನ್ನ ಪಾಲು ಯಾರಿಗೂ ಕಾಣುವುದಿಲ್ಲ ಅನ್ನುವ ಧೈರ್ಯ. ಮುಂದೆ ಅಮೆರಿಕದಲ್ಲಿ ಗುಂಪಾಗಿ ಕೂಗಿಸಿ ನೋಡಿದರು. ಒಬ್ಬೊಬ್ಬರ ದನಿಯನ್ನೂ ಬೇರೆಯಾಗಿ ಅಳೆಯುತ್ತೇವೆ ಅಂದ ಕೂಡಲೇ ಆ ಸಡಿಲತನ ಹೋಯಿತು.

ಈಗ ನೀವು ಕಳಿಸಿದ ಸ್ಕ್ರೀನ್‌ಶಾಟ್ ನೋಡಿ. ‘ಯಾರಾದ್ರೂ ಪಿಪಿಟಿ ಮಾಡ್ತೀರಾ ಪ್ಲೀಸ್?’ ನೀಲಿ ಟಿಕ್ ಬಂದಿದೆ. ಒಂದು ಹೆಬ್ಬೆರಳು. ಮತ್ತೇನೂ ಇಲ್ಲ. ರಾತ್ರಿ 1 ಗಂಟೆಗೆ ನಿಮ್ಮದೇ ಮೆಸೇಜ್: ‘ನಾನೇ ಮಾಡ್ದೆ.’ ಯಾರಾದ್ರೂ ಅಂದರೆ ಯಾರೂ ಅಲ್ಲ ಅಂತಲೇ ಲೆಕ್ಕ. ಹೆಸರು ಹಿಡಿದು ಕೇಳಿ, ದಿನ ಹೇಳಿ, ‘ಆಗಲ್ಲ ಅಂದ್ರೆ ಬುಧವಾರವೇ ಹೇಳು’ ಅಂತಲೂ ಸೇರಿಸಿ. ಕೋಡ್ ಹೇಗೂ ಗಿಟ್‌ನಲ್ಲಿದೆ, ಯಾರು ಯಾವತ್ತು ಏನು ಸೇರಿಸಿದರು ಅನ್ನೋದು ಅದರಲ್ಲೇ ಉಳಿಯುತ್ತದೆ. ಸೆನ್ಸರ್ ಕೆಲಸಕ್ಕೂ ರಿಪೋರ್ಟಿಗೂ ಹಾಗೇ ಒಂದು ಶೀಟ್ ಇಡಿ. ಮತ್ತೆ, ಕೊಟ್ಟ ಕೆಲಸವನ್ನು ರಾತ್ರೋರಾತ್ರಿ ನೀವೇ ಮಾಡಿ ಮುಗಿಸುವ ಅಭ್ಯಾಸ ಬಿಡಿ. ಇದು ಕಷ್ಟ, ಗೊತ್ತು.

ದಾಬಸ್‌ಪೇಟೆಯ ಹುಡುಗನಿಗೆ ನಿಮ್ಮ ಮೀಟಿಂಗ್ ಸಂಜೆ 6ಕ್ಕೆ. ಆ ಹೊತ್ತಿಗೆ ಅವನು ತುಮಕೂರು ರಸ್ತೆಯಲ್ಲಿ, ಬಸ್ಸಿನಲ್ಲಿ ನಿಂತಿರುತ್ತಾನೆ. ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಕ್ಯಾಂಟೀನ್‌ನಲ್ಲಿ ಕೂತರೆ ಆಗದಾ? ಅವನು ಬಂದಾಗಲೂ ಬಾಯಿ ಬಿಡುವುದಿಲ್ಲ ಅಂತ ಬರೆದಿದ್ದೀರಿ. ನಾಲ್ವರ ಮನೆಮಾತೂ ಕನ್ನಡವೇ, ಮೀಟಿಂಗ್ ಮಾತ್ರ ಇಂಗ್ಲಿಷ್‌ನಲ್ಲಿ, ಅದೂ ನಿಮ್ಮದೇ ಪತ್ರದ ಮಾತು. ವೈವಾಗೆ, ಅಂದರೆ ಮೌಖಿಕ ಪರೀಕ್ಷೆಗೆ, ಇಂಗ್ಲಿಷ್ ಬೇಕು, ಒಪ್ಪುತ್ತೇನೆ. ವೋಲ್ಟೇಜ್ ಯಾವುದು ಪಿಎಚ್ ಯಾವುದು ಅಂತ ಜಗಳ ಆಡೋಕೆ ಬೇಡ.

ಹೆಸರು ತೆಗೆಸುವುದು? ಈಗಲೇ ಬೇಡ. ಮೊದಲು ಅವನ ಹತ್ತಿರ ಒಬ್ಬರೇ ಹೋಗಿ ಮಾತಾಡಿ, ಗ್ರೂಪಿನಲ್ಲಿ ಅಲ್ಲ. ದಿನ ಗೊತ್ತು ಮಾಡಿ ಕೊಟ್ಟ ಕೆಲಸ ಎರಡು ಸಲವೂ ಬರಲಿಲ್ಲ ಅಂದರೆ ಗೈಡ್ ಹತ್ತಿರ ಹೋಗಿ, ಅವನನ್ನೂ ಕರೆದುಕೊಂಡು. ವೈವಾಗೆ ಮೂರು ದಿನ ಇರುವಾಗ ಚಾಡಿ ಹೇಳಿದಂತೆ ಹೇಳಿದರೆ ಗೈಡ್ ಮೊದಲು ಕೇಳುವ ಪ್ರಶ್ನೆ, ‘ಇಷ್ಟು ದಿನ ಏನು ಮಾಡ್ತಿದ್ರಿ?’

ರಿಪೋರ್ಟ್‌ನಲ್ಲಿ ಹೆಸರುಗಳನ್ನು ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ) ಕ್ರಮದಲ್ಲಿ ಹಾಕಿ. ಅದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ, ನೀವೂ ಸೇರಿ.