ಹಣವಿಲ್ಲದ ಸಣ್ಣ ಫುಟ್‌ಬಾಲ್ ಕ್ಲಬ್ ನಿಧಾನವಾಗಿ ಮೇಲೆ ಬರೋದು ಹೇಗೆ?

ಸಣ್ಣ ಕ್ಲಬ್ ವರ್ಷದಿಂದ ವರ್ಷಕ್ಕೆ ಬೆಳೆಯೋಕೆ ನಿಜವಾಗಲೂ ಸಾಧ್ಯವಾ ಅಂತ ಕೇಳಿದ್ದೀರಿ. ಖಂಡಿತ ಸಾಧ್ಯ. ಆದರೆ ಯಾವ ಆಟಗಾರನ ಜೊತೆ ಒಪ್ಪಂದ ಮಾಡಿಕೊಳ್ಳುವಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನಾಳೆ ಸೋತು ಕೆಳಗಿನ ಲೀಗ್‌ಗೆ ಇಳಿದರೂ ಈ ಸಂಬಳ ಕೊಡೋಕೆ ಆಗುತ್ತಾ? ಆಗಲ್ಲ ಅಂದ್ರೆ ಸಹಿ ಹಾಕಲೇಬಾರದು.

ಸ್ಕಾಟ್ಲೆಂಡಿನ ಗ್ರೆಟ್ನಾ ಕ್ಲಬ್ ಒಬ್ಬ ಶ್ರೀಮಂತರ ದುಡ್ಡಿನಿಂದ 2005, 2006, 2007ರಲ್ಲಿ ಸಾಲಾಗಿ ಮೇಲಿನ ಲೀಗ್‌ಗೆ ಬಡ್ತಿ ಪಡೆಯಿತು. ಅಗ್ರ ಲೀಗ್‌ಗೆ ಬಂದಾಗ ತಕ್ಕ ಸ್ಟೇಡಿಯಂ ಇಲ್ಲದೆ ಮದರ್‌ವೆಲ್‌ನ ಮೈದಾನದಲ್ಲಿ ಆಡಬೇಕಾಯಿತು. ಆ ಶ್ರೀಮಂತರ ಆರೋಗ್ಯ ಕೆಟ್ಟು ಹಣ ನಿಂತಿತು. 2008ರಲ್ಲಿ ಕ್ಲಬ್ಬೇ ಮುಚ್ಚಿಹೋಯಿತು. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತೆ.

ಇಂಗ್ಲೆಂಡಿನ ಬ್ರೆಂಟ್‌ಫರ್ಡ್‌ಗೂ ಮಾಲೀಕ ಮ್ಯಾಥ್ಯೂ ಬೆನ್‌ಹಮ್ ಅವರ ಹಣ ಇತ್ತು, ಇಲ್ಲ ಅನ್ನಲ್ಲ. ಆದರೆ ಅವರು ಆಟಗಾರರನ್ನು ಮಾರುತ್ತಲೇ ಬೆಳೆದರು. 2017ರಲ್ಲಿ ನಾಲ್ಕನೇ ಹಂತದ ಲೀಗ್‌ನಲ್ಲಿದ್ದ ಎಕ್ಸೆಟರ್‌ ಕ್ಲಬ್‌ನಿಂದ ಓಲಿ ವಾಟ್ಕಿನ್ಸ್ ಬಂದರು. 2019ರಲ್ಲಿ ಸ್ಟ್ರೈಕರ್ (ಮುಂದೆ ನಿಂತು ಗೋಲು ಹೊಡೆಯುವ ಆಟಗಾರ) ನೀಲ್ ಮೊಪೆಯನ್ನು ಬ್ರೈಟನ್‌ಗೆ ಮಾರಿದ ಮೇಲೆ, ಅಲ್ಲಿಯವರೆಗೆ ವಿಂಗ್‌ನಲ್ಲಿ, ಅಂದ್ರೆ ಮೈದಾನದ ಅಂಚಿನಲ್ಲಿ ಆಡುತ್ತಿದ್ದ ವಾಟ್ಕಿನ್ಸ್ ಅವರನ್ನೇ ಸ್ಟ್ರೈಕರ್ ಮಾಡಿದರು. ಮರುವರ್ಷ ಅವರನ್ನೂ ಆಸ್ಟನ್ ವಿಲ್ಲಾಗೆ ಮಾರಿ, ಪೀಟರ್‌ಬರೋದಿಂದ ಐವನ್ ಟೋನಿಯನ್ನು ತಂದರು. ಟೋನಿ ಆ ಸೀಸನ್‌ನ ಲೀಗ್‌ನಲ್ಲಿ 31 ಗೋಲು ಹೊಡೆದರು, 2021ರಲ್ಲಿ ತಂಡ ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್ ಸೇರಿತು. ಇದು ಅದೃಷ್ಟ ಅಲ್ಲ. ಒಳ್ಳೆ ಆಟಗಾರ ಒಂದಲ್ಲ ಒಂದು ದಿನ ಹೋಗೇ ಹೋಗ್ತಾನೆ ಅಂತ ಒಪ್ಪಿಕೊಂಡು, ಅವನ ಜಾಗಕ್ಕೆ ಯಾರು ಅನ್ನೋದನ್ನು ಅವನು ಇರುವಾಗಲೇ ಹುಡುಕಿಡಬೇಕು. ಬಂದ ದುಡ್ಡಿನಲ್ಲಿ ಒಂದು ಪಾಲು ಮೈದಾನಕ್ಕೆ, ಕೋಚ್‌ಗಳಿಗೆ ಹೋಗಬೇಕು. ಎಲ್ಲವನ್ನೂ ಸಂಬಳಕ್ಕೇ ಸುರಿದರೆ ಮುಂದಿನ ವರ್ಷ ಮತ್ತೆ ಅಲ್ಲೇ ಇರ್ತೀವಿ, ಅಲ್ವಾ?

ಇನ್ನೊಂದು, ಸೋತಾಗ ಸುಮ್ನೆ ಕೋಚ್ ಬದಲಿಸಬೇಡಿ. ಜರ್ಮನಿಯ ಫ್ರೈಬುರ್ಗ್ 2015ರಲ್ಲಿ ಎರಡನೇ ಲೀಗ್‌ಗೆ ಇಳಿಯಿತು. ಕೋಚ್ ಕ್ರಿಸ್ಟಿಯಾನ್ ಸ್ಟ್ರೈಶ್ ಅವರನ್ನು ತೆಗೆಯಲಿಲ್ಲ. 2016ರಲ್ಲಿ ಆ ಲೀಗ್ ಗೆದ್ದು ವಾಪಸ್ ಬಂದರು, 2022ರಲ್ಲಿ ಜರ್ಮನ್ ಕಪ್ ಫೈನಲ್ ಆಡಿದರು. ಸ್ಟ್ರೈಶ್ ಅಲ್ಲಿನ ಯುವ ತಂಡಗಳಿಗೆ ವರ್ಷಗಟ್ಟಲೆ ತರಬೇತಿ ಕೊಟ್ಟು ಮೇಲೆ ಬಂದವರು. ಹಾಗಾಗಿ ಯಾವ ಹುಡುಗ ಎಷ್ಟು ತಯಾರಾಗಿದ್ದಾನೆ ಅಂತ ಅವರಿಗೆ ಯಾರೂ ಹೇಳಬೇಕಿರಲಿಲ್ಲ. ನಿಮ್ಮ ಕ್ಲಬ್‌ನಲ್ಲಿ ಹಣ ಕಡಿಮೆ ಇದ್ದರೆ ಇಲ್ಲಿಂದಲೇ ಶುರು ಮಾಡಿ. ಹೆಸರು ಮಾಡಿದ ಒಬ್ಬ ಹಳೇ ಆಟಗಾರನಿಗೆ ಕೊಡುವ ಸಂಬಳದಲ್ಲಿ ಮಕ್ಕಳ ತಂಡಗಳಿಗೆ ಒಳ್ಳೆ ಕೋಚ್ ಸಿಗ್ತಾರೆ.