ತಡಿಯಂಡಮೋಳ್ ದಾರಿಯಲ್ಲಿ ಮರದ ಮೇಲೆ ಕಂಡ ಗುಲಾಬಿ ಹೂ ಯಾವುದು?

ನೀವು ಕೇಳಿರುವುದು ಮೂರು ವಿಷಯ. ಆಗಸ್ಟ್‌ನಲ್ಲಿ ಕೊಡಗಿನ ತಡಿಯಂಡಮೋಳ್ ಹತ್ತುವಾಗ ಪಾಚಿ ಹಿಡಿದ ಮರದ ಬೊಡ್ಡೆಯ ಮೇಲೆ ಗುಲಾಬಿ ಬಣ್ಣದ ಹೂ ಬಿಟ್ಟ ಪುಟ್ಟ ಗಿಡ ಕಂಡಿತು, ಅದು ಯಾವುದು? ಅಪರೂಪದ್ದಾ? ಮಂಡ್ಯದ ಮನೆಯಲ್ಲಿ ಕುಂಡದಲ್ಲಿ ಬೆಳೆಸಬಹುದಾ? ಮೊಬೈಲ್ ಆ್ಯಪ್ ಮೂರು ಸಲ ಮೂರು ಹೆಸರು ಹೇಳಿತು ಅಂತಲೂ ಬರೆದಿದ್ದೀರಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಮೈಸೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು. ಮಳೆಗಾಲ ಬಂತೆಂದರೆ ಹುಣಸೂರು, ವಿರಾಜಪೇಟೆ ದಾಟಿ ಕಕ್ಕಬ್ಬೆ ಕಡೆ ಹೋಗುವ ಚಟ ಇದೆ. ಉಂಬಳ ಕಚ್ಚಿಸಿಕೊಂಡು, ಮೊಣಕಾಲೂರಿ ಇಂಥ ಹೂಗಳನ್ನು ನೋಡಿದ್ದೇನೆ. ತಪ್ಪು ಹೆಸರನ್ನೂ ಹೇಳಿದ್ದೇನೆ.

ನಿಮ್ಮ ಗಿಡ ಯಾವ ಕುಲದ್ದು ಅಂತ ತಿಳಿಯಲು ದೂರ ಹೋಗಬೇಕಿಲ್ಲ. ಮಂಡ್ಯ ಕಡೆಯ ಹಿತ್ತಲುಗಳಲ್ಲಿ ಕರ್ಣಕುಂಡಲ ಇರುತ್ತದಲ್ಲ, ಬಲಿತ ಕಾಯಿ ಮುಟ್ಟಿದರೆ ಚಟ್ ಅಂತ ಸಿಡಿದು ಬೀಜ ಎರಚುವ ಗಿಡ? ನಿಮ್ಮದು ಅದರ ಕಾಡಿನ ದಾಯಾದಿ. ಕುಲದ ಹೆಸರು ಇಂಪೇಷಿಯನ್ಸ್. ಲ್ಯಾಟಿನ್‌ನಲ್ಲಿ ತಾಳ್ಮೆ ಇಲ್ಲದ್ದು ಎಂದರ್ಥ. ಆ ಸಿಡಿಯುವ ಕಾಯಿಯಿಂದಲೇ ಬಂದ ಹೆಸರು. ಇದೇ ಕರ್ಣಕುಂಡಲಕ್ಕೆ ಕೆಲವರು ಗೌರಿ ಹೂ ಅನ್ನುತ್ತಾರೆ. ಮಲೆನಾಡಿಗೆ ಹೋಗಿ ಗೌರಿ ಹೂ ಕೇಳಿ ನೋಡಿ, ಬೆಂಕಿ ಬಣ್ಣದ ಅಗ್ನಿಶಿಖೆ ತೋರಿಸುತ್ತಾರೆ. ಊರ ಹೆಸರನ್ನೇ ನಂಬಿ ಗಿಡ ಗುರುತಿಸಲು ಹೊರಟರೆ ಹೀಗೇ ಆಗುವುದು.

ಕುಲದೊಳಗಿನ ಗುಂಪೂ ಗೊತ್ತಾಗುತ್ತದೆ. ನಿಮ್ಮ ಫೋಟೊದಲ್ಲಿ ಕಾಂಡ ಅನ್ನುವುದೇ ಇಲ್ಲ. ಎಲೆಗಳೆಲ್ಲ ಬುಡದಿಂದ ಎದ್ದಿವೆ, ಹೂವಿನ ದಂಟು ಬೋಳಾಗಿ ಮೇಲೆ ನಿಂತಿದೆ. ಕೆಳಗೆ ಪಾಚಿಯಲ್ಲಿ ಸಣ್ಣ ಗೆಡ್ಡೆ ಇರುತ್ತದೆ. ಈ ನಮೂನೆಯವುಗಳ ತವರು ನಮ್ಮ ಪಶ್ಚಿಮ ಘಟ್ಟ. ಒದ್ದೆ ಬಂಡೆ, ಪಾಚಿ ಹಿಡಿದ ಮರ, ಇವೇ ಅವುಗಳ ನೆಲ. ಇಂಪೇಷಿಯನ್ಸ್ ಅಕಾಲಿಸ್, ಇಂಪೇಷಿಯನ್ಸ್ ಸ್ಕೇಪಿಫ್ಲೋರಾ ಎಂಬ ಎರಡು ಹೆಸರು ನೀವು ಜಾಸ್ತಿ ಕೇಳುತ್ತೀರಿ. ತಮಾಷೆ ಏನೆಂದರೆ ಒಂದು ಹೆಸರಿನ ಅರ್ಥ ಕಾಂಡವಿಲ್ಲದ್ದು, ಇನ್ನೊಂದರದು ಬೋಳು ದಂಟಿನ ಮೇಲೆ ಹೂ ಬಿಡುವುದು. ಎರಡೂ ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು. ಹೆಸರು ನೋಡಿ ಬೇರೆ ಮಾಡೋಣ ಅಂದರೆ ಆಗುವುದಿಲ್ಲ.

ನಿಮ್ಮದು ಮರದ ಮೇಲಿದ್ದದ್ದರಿಂದ ನನ್ನ ಊಹೆ ಸ್ಕೇಪಿಫ್ಲೋರಾ ಕಡೆ ವಾಲುತ್ತದೆ. ಆದರೆ ಇದು ಊಹೆ ಮಾತ್ರ. ನೀವು ಹೂವನ್ನು ಎದುರಿನಿಂದ ಮಾತ್ರ ತೆಗೆದಿದ್ದೀರಿ. ಎಲ್ಲರೂ ಮಾಡುವ ತಪ್ಪು ಇದು, ಯಾಕೆಂದರೆ ಚೆಂದ ಕಾಣುವುದು ಮುಖವೇ. ಗುರುತು ಇರುವುದು ಮಾತ್ರ ಬೆನ್ನಲ್ಲಿ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಹೂವಿಗೆ ಐದು ಎಸಳು. ಎಣಿಸಿದರೆ ಮೂರೇ ಸಿಗುತ್ತವೆ. ಮೇಲಿನದು ಒಂಟಿ. ಉಳಿದ ನಾಲ್ಕು ಎರಡೆರಡಾಗಿ ಅಂಟಿಕೊಂಡು ಎರಡು ರೆಕ್ಕೆಯಂತೆ ಕಾಣುತ್ತವೆ. ಆ ರೆಕ್ಕೆ ಎಷ್ಟು ಸೀಳಿದೆ, ಎಲ್ಲಿ ಸೀಳಿದೆ ಅನ್ನುವುದು ಮುಖ್ಯ. ಕೆಳಗಿನ ಹೊರದಳ ಹಿಂದಕ್ಕೆ ಬಾಲದಂತೆ ಚಾಚಿರುತ್ತದೆ. ಮಕರಂದ ಇರುವುದು ಅದರಲ್ಲಿ. ಬಾಲ ಗಿಡ್ಡವೋ ಉದ್ದವೋ, ನೆಟ್ಟಗಿದೆಯೋ ಬಾಗಿದೆಯೋ, ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಹೂವಿನ ಬಾಯಲ್ಲಿ ಬಿಳಿ ಟೋಪಿಯಂಥದ್ದು ಕಾಣುತ್ತದೆ, ಅದು ಕೂಡಿಕೊಂಡ ಕೇಸರಗಳು. ಮೊದಲು ಹೂ ಗಂಡಾಗಿದ್ದು ಪರಾಗ ಕೊಡುತ್ತದೆ. ಆಮೇಲೆ ಆ ಟೋಪಿ ಉದುರಿ ಒಳಗಿನ ಹೆಣ್ಣು ಭಾಗ ಹೊರಗೆ ಬರುತ್ತದೆ. ಒಂದೇ ಗಿಡದ ಎರಡು ಹೂ ಬೇರೆ ಬೇರೆ ಥರ ಕಂಡರೆ ಗಾಬರಿ ಬೇಡ.

ಮರದ ಪಾಚಿಯಲ್ಲಿ ಬಾಲ ಇರುವ ಹೂ ಬಿಡುವ ಬೇರೆಯವೂ ಇವೆ. ಕೆಲವು ಆರ್ಕಿಡ್‌ಗಳು ಇವೆ. ಕೀಟ ತಿನ್ನುವ ಯುಟ್ರಿಕ್ಯುಲೇರಿಯಾ ಇದೆ, ಅದರ ಹೂ ತೀರಾ ಚಿಕ್ಕದು. ಬಹುಶಃ ಆ್ಯಪ್ ಅಲ್ಲಲ್ಲೇ ಸುತ್ತಿರಬೇಕು. ಅದಕ್ಕೆ ತೋಟದ ಗಿಡ ಗೊತ್ತಿದ್ದಷ್ಟು ಕಾಡಿನದು ಗೊತ್ತಿಲ್ಲ.

ನನ್ನ ಪೆದ್ದುತನ ಹೇಳುತ್ತೇನೆ. ಎಂ.ಎಸ್ಸಿ. ಓದುವಾಗ ಮೇಷ್ಟ್ರ ಜೊತೆ, ಅನುಮತಿ ತೆಗೆದುಕೊಂಡು, ಇಂಥದೇ ಒಂದು ಗಿಡ ತಂದಿದ್ದೆ. ಹಳೇ ಪೇಪರ್ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿದೆ. ವಾರ ಬಿಟ್ಟು ತೆಗೆದರೆ ಹೂ ಇರಬೇಕಾದ ಜಾಗದಲ್ಲಿ ಕಂದು ಕಲೆ. ನೀರೇ ತುಂಬಿರುವ ಗಿಡ, ಇನ್ನೇನಾಗುತ್ತದೆ? ಆ ಕಲೆಗೊಂದು ಹೆಸರು ಬರೆದು ಎರಡು ವರ್ಷ ಜೂನಿಯರ್‌ಗಳಿಗೆ ತೋರಿಸಿದೆ. ಆಮೇಲೆ ಒಬ್ಬರು ಬಂದು, ಬಾಲ ಎಲ್ಲಪ್ಪಾ ಇದರದ್ದು, ಅಂತ ಕೇಳಿದರು. ಉತ್ತರ ಇರಲಿಲ್ಲ. ಡಾರ್ವಿನ್‌ನ ಗೆಳೆಯ ಜೋಸೆಫ್ ಹೂಕರ್ ಎಂಬ ದೊಡ್ಡ ಸಸ್ಯಶಾಸ್ತ್ರಜ್ಞ 1911ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡ. ಕೊನೆಯ ವರ್ಷಗಳನ್ನೆಲ್ಲ ಇದೇ ಕುಲದ ಒಣಗಿದ ಮಾದರಿಗಳ ಜೊತೆ ಗುದ್ದಾಡುತ್ತಾ ಕಳೆದಿದ್ದ. ಅವನನ್ನೇ ಕಾಡಿದ ಹೂ ನಿಮ್ಮ ಆ್ಯಪನ್ನು ಬಿಡುತ್ತದಾ?

ಇನ್ನು ಅಪರೂಪದ್ದಾ ಅನ್ನುವ ಪ್ರಶ್ನೆ. ಇಲ್ಲಿ ಎರಡು ವಿಷಯ ಕಲಸುಮೇಲೋಗರ ಆಗುತ್ತವೆ. ಒಂದು ಗಿಡ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದಿರಬಹುದು. ಹಾಗಂದ ಮಾತ್ರಕ್ಕೆ ಘಟ್ಟದಲ್ಲಿ ಅದು ಕಮ್ಮಿ ಇದೆ ಅಂತಲ್ಲ. ಘಟ್ಟದಲ್ಲಿ ಇಂಪೇಷಿಯನ್ಸ್ ಜಾತಿಗಳು ನೂರರ ಆಸುಪಾಸು ಇವೆ. ಹೆಚ್ಚಿನವು ಪ್ರಪಂಚದಲ್ಲಿ ಬೇರೆ ಕಡೆ ಸಿಗುವುದಿಲ್ಲ. ಆದರೂ ಸ್ಕೇಪಿಫ್ಲೋರಾ ಮಳೆಗಾಲದಲ್ಲಿ ಬಂಡೆ ತುಂಬ ಗುಲಾಬಿ ಹರಡುತ್ತದೆ. ಅಕಾಲಿಸ್ ಶ್ರೀಲಂಕಾದಲ್ಲೂ ಇದೆ. ಇನ್ನು ಕೆಲವು ಒಂದೆರಡು ಬೆಟ್ಟಗಳಿಗೇ ಸೀಮಿತ, ಅವು ನಿಜಕ್ಕೂ ಅಪರೂಪ. ನಿಮ್ಮದು ಎರಡನೇ ಪೈಕಿ ಇರಲಾರದು ಅಂತ ನನ್ನ ಅಂದಾಜು. ಬೇಜಾರಾಯಿತಾ?

ಕುಂಡದ ಮಾತು. ತಡಿಯಂಡಮೋಳ್ ಎತ್ತರ 1,748 ಮೀಟರ್, ಮಂಡ್ಯ ಸುಮಾರು 680. ಅಲ್ಲಿ ಹುಲ್ಲು ಬೆಟ್ಟಗಳ ನಡುವಿನ ಕಣಿವೆಯಲ್ಲಿ ಬೆಳೆಯುವ ಶೋಲಾ ಕಾಡು ಮೋಡವನ್ನೇ ಹಿಂಡಿಕೊಂಡು ಕುಡಿಯುತ್ತದೆ. ಮಂಜು ಎಲೆಗೆ ತಾಕಿ ಹನಿಯಾಗಿ ಪಾಚಿಗೆ ಇಳಿಯುತ್ತದೆ. ಮಳೆ ನಿಂತ ಮೇಲೆ ಎಲೆ ಒಣಗಿ, ಗೆಡ್ಡೆ ಮಾತ್ರ ಪಾಚಿಯೊಳಗೆ ಮಲಗಿ ಮುಂದಿನ ಮಳೆಗೆ ಕಾಯುತ್ತದೆ. ಮಂಡ್ಯದ ಏಪ್ರಿಲ್ ಬಿಸಿಲಲ್ಲಿ, ಬೋರ್‌ವೆಲ್ ನೀರು ಹಾಕಿ ಅದನ್ನು ಉಳಿಸಲು ಆಗುತ್ತದಾ, ನೀವೇ ಹೇಳಿ. ಅಲ್ಲದೆ ಅದು ಅರಣ್ಯ ಇಲಾಖೆಯ ಜಾಗ, ಅನುಮತಿ ಇಲ್ಲದೆ ಕೀಳುವ ಹಾಗಿಲ್ಲ. ಆಸೆ ಇದ್ದರೆ ಕರ್ಣಕುಂಡಲದ ಬೀಜ ಹಾಕಿ, ಸಲೀಸಾಗಿ ಬರುತ್ತದೆ.

ಮತ್ತೆ ಹೋದಾಗ ಹೂವಿನ ಪಕ್ಕದಿಂದ ಒಂದು, ಹಿಂದಿನಿಂದ ಒಂದು, ಎಲೆಯ ಅಂಚು ಕಾಣುವ ಹಾಗೆ ಒಂದು, ಗಿಡ ಯಾವುದರ ಮೇಲಿದೆ ಅಂತ ದೂರದಿಂದ ಒಂದು ಫೋಟೊ ತೆಗೆಯಿರಿ. ಪಕ್ಕದಲ್ಲಿ ಬೆರಳಿಟ್ಟರೆ ಅಳತೆ ತಿಳಿಯುತ್ತದೆ. ಗಿಡ, ಪ್ರಾಣಿಗಳ ಫೋಟೊ ಹಾಕಿ ಗುರುತು ಕೇಳುವ ಜಾಲತಾಣಗಳಾದ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿದರೆ ಈ ಕುಲ ಬಲ್ಲವರು ನೋಡುತ್ತಾರೆ. ನಿಖರ ಜಾಗ ಮಾತ್ರ ಎಲ್ಲರಿಗೂ ಕಾಣದಂತೆ ಮಾಡಿ. ಆರ್ಕಿಡ್ ಕೀಳುವವರು ಇಂಥ ಪುಟಗಳನ್ನೂ ನೋಡುತ್ತಾರೆ.

ಅಂದಹಾಗೆ ನಿಮ್ಮ ಎರಡನೇ ಫೋಟೊದ ಎಡ ಮೂಲೆಯಲ್ಲಿ ಇನ್ನೊಂದು ಹೂ ಪಕ್ಕಕ್ಕೆ ತಿರುಗಿದ ಹಾಗಿದೆ. ಮೂಲ ಫೋಟೊ ಇದ್ದರೆ ಅಷ್ಟನ್ನೇ ದೊಡ್ಡದು ಮಾಡಿ ಹಾಕಿ. ಬಾಲ ಕಂಡರೂ ಕಾಣಬಹುದು.