ನನ್ನದು ತಿಂಗಳ ಸಂಬಳ. ಕೊಳ್ಳುತ್ತಿರುವ ಮನೆಗೆ ಎ ಖಾತಾ (ಪಾಲಿಕೆಯ ಸಕ್ರಮ ಆಸ್ತಿ ದಾಖಲೆ) ಇದೆ, ಕ್ರಯದ ಕರಾರೂ ಆಗಿದೆ. ಗೃಹಸಾಲದ ಏಜೆಂಟ್ ಶೇಕಡ 1ರಷ್ಟು ಶುಲ್ಕ ಕೇಳುತ್ತಿದ್ದಾರೆ. ಅದನ್ನು ಅರ್ಧಕ್ಕೆ ಇಳಿಸಲು ಹೇಗೆ ಮಾತನಾಡಬೇಕು?

ಅರ್ಧಕ್ಕೆ ಇಳಿಸುವ ಮಾತು ಆಮೇಲೆ. ಆ ಶೇಕಡ 1 ಯಾವುದರ ಮೇಲೆ ಎಂದು ಕೇಳಿದ್ದೀರಾ? ನಾನು ಕೇಳಿರಲಿಲ್ಲ.

2018ರಲ್ಲಿ ಕೆಂಗೇರಿ ಉಪನಗರದಲ್ಲಿ ಎರಡು ಕೋಣೆಯ ಹಳೆಯ ಫ್ಲ್ಯಾಟ್ ಒಂದನ್ನು ನೋಡಿದೆವು. ಬೆಲೆ 46 ಲಕ್ಷಕ್ಕೆ ಕುದುರಿತು. 3 ಲಕ್ಷ ಮುಂಗಡ ಕೊಟ್ಟು ಕ್ರಯದ ಕರಾರು ಮಾಡಿಕೊಂಡೆವು. ಅವಧಿ ಮೂರು ತಿಂಗಳು. ಅಷ್ಟರೊಳಗೆ ನೋಂದಣಿ ಆಗದಿದ್ದರೆ ಮುಂಗಡ ವಾಪಸಿಲ್ಲ ಎಂಬ ಸಾಲು ಅದರಲ್ಲಿತ್ತು. ಮಾರುವವರೇ ಸಾಲದ ಏಜೆಂಟರೊಬ್ಬರ ಫೋನ್ ನಂಬರ್ ಕೊಟ್ಟು, "ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ, ನೀವು ಸಹಿ ಹಾಕಿದರೆ ಸಾಕು" ಎಂದರು. ನಮ್ಮ ವಂಶದಲ್ಲಿ ಬ್ಯಾಂಕ್ ಸಾಲ ಮಾಡಿ ಮನೆ ಕೊಂಡವರು ಯಾರೂ ಇರಲಿಲ್ಲ. ಆ ಮಾತು ಕೇಳಿ ಹೊರೆ ಇಳಿದಂತಾಯಿತು.

ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಅವರ ಕಚೇರಿ. ಸಹಿ ಹಾಕಬೇಕಾದಲ್ಲೆಲ್ಲ ಪೆನ್ಸಿಲಿನಿಂದ ಸಣ್ಣ ಇಂಟು ಗುರುತು ಮಾಡಿದ್ದ ಕಾಗದದ ಕಟ್ಟನ್ನು ಮುಂದಿಟ್ಟರು. ನಾನು ಗುರುತು ಹುಡುಕಿ ಸಹಿ ಹಾಕುತ್ತ ಹೋದೆ. ಹೆಂಡತಿ ಒಂದೊಂದೇ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ಸಹಿ ಹಾಕುತ್ತ ಬಂದಳು. ಕೊನೆಗೆ ಬಂದದ್ದು ಬ್ಯಾಂಕಿನ ಹೆಸರೇ ಇಲ್ಲದ ಒಂದು ಹಾಳೆ. "ಸಲಹಾ ಶುಲ್ಕ: ಮಂಜೂರಾದ ಸಾಲದ ಶೇಕಡ 1" ಎಂದಿತ್ತು. ಓದಿದೆ. ಓದಿಯೂ ಸಹಿ ಹಾಕಿದೆ. ಜೊತೆಗೆ, ದಿನಾಂಕವನ್ನೂ ಮೊತ್ತವನ್ನೂ ಬರೆಯದ ಒಂದು ಚೆಕ್ಕನ್ನೂ ಕೊಟ್ಟೆ.

ನನ್ನ ತಪ್ಪು 'ಮಂಜೂರಾದ' ಎಂಬ ಆ ಒಂದು ಪದದಲ್ಲಿದೆ. ಎಂಟನೇ ತರಗತಿಯ ಮಗುವಿಗೂ ಬರುವ ಲೆಕ್ಕ ನನಗೆ ಆ ದಿನ ಹೊಳೆಯಲಿಲ್ಲ, ಆದ್ದರಿಂದ ಬಿಡಿಸಿಯೇ ಹೇಳುತ್ತೇನೆ. ನಮಗೆ ಬೇಕಿದ್ದದ್ದು 36 ಲಕ್ಷದ ಆಸುಪಾಸು. ಏಜೆಂಟರು ಇಬ್ಬರ ಸಂಬಳವನ್ನೂ ಸೇರಿಸಿ 50 ಲಕ್ಷಕ್ಕೆ ಅರ್ಜಿ ಹಾಕಿಸಿದರು. "ಹೆಚ್ಚೇ ಮಂಜೂರಾಗಿರಲಿ, ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳಿ" ಎಂದರು. ನಮಗೂ ಸರಿ ಎನಿಸಿತು. ಆದರೆ ಮಂಜೂರಾತಿ ಎಂದರೆ ನಿಮ್ಮ ಆದಾಯ ನೋಡಿ ಇಷ್ಟರವರೆಗೆ ಕೊಡಬಹುದು ಎಂದು ಬ್ಯಾಂಕು ಹೇಳುವ ಮಾತು. ಕೈಗೆ ಎಷ್ಟು ಬರುತ್ತದೆ ಎಂಬುದು ಮನೆಯ ಮೌಲ್ಯದ ಮೇಲೆ ನಿಂತಿರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷ ದಾಟಿದ, 75 ಲಕ್ಷದವರೆಗಿನ ಗೃಹಸಾಲವು ಮನೆಯ ಮೌಲ್ಯದ ಶೇಕಡ 80ನ್ನು ಮೀರುವಂತಿಲ್ಲ. ಬ್ಯಾಂಕಿನವರು ನಮ್ಮ ಫ್ಲ್ಯಾಟಿಗೆ 45 ಲಕ್ಷ ಬೆಲೆ ಕಟ್ಟಿದರು. ಅದರ ಶೇಕಡ 80 ಎಂದರೆ 36 ಲಕ್ಷ. ಮಿಕ್ಕ 14 ಲಕ್ಷ ಆ ಮನೆಯ ಮೇಲೆ ಹುಟ್ಟುವ ಸಾಧ್ಯತೆಯೇ ಇರಲಿಲ್ಲ. ಇಪ್ಪತ್ತು ವರ್ಷ ಅದೇ ಕೆಲಸದಲ್ಲಿದ್ದ ಏಜೆಂಟರಿಗೆ ಇದು ಮೊದಲ ದಿನವೇ ಗೊತ್ತಿತ್ತು. ನಮ್ಮ ಕೈಗೆ ಬಾರದ ಆ 14 ಲಕ್ಷಕ್ಕೂ ಸೇರಿಸಿ ಶುಲ್ಕ ಹಿಡಿದರು. 50 ಸಾವಿರ, ಅದರ ಮೇಲೆ ಶೇಕಡ 18 ಜಿಎಸ್‌ಟಿ ಎಂದು 9 ಸಾವಿರ, ಒಟ್ಟು 59 ಸಾವಿರ. ಅವರು ಕೊಟ್ಟ ರಸೀದಿಯಲ್ಲಿ ಜಿಎಸ್‌ಟಿ ಸಂಖ್ಯೆಯೇ ಇರಲಿಲ್ಲ; ಆ ಸಂಖ್ಯೆ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. 'ಮಂಜೂರಾದ' ಎಂಬುದನ್ನು ಹೊಡೆದು 'ಬಿಡುಗಡೆಯಾದ' ಎಂದು ಬರೆಸಿದ್ದರೆ, ರಸೀದಿಯನ್ನೂ ಸರಿಯಾಗಿ ಕೇಳಿದ್ದರೆ 36 ಸಾವಿರದಲ್ಲಿ ಮುಗಿಯುತ್ತಿತ್ತು.

ಮಂಜೂರಾತಿ ಪತ್ರ ಬಂದ ಮರುದಿನವೇ ಚೆಕ್ ನಗದಾಯಿತು. ಜಗಳಕ್ಕೆ ಹೋದೆ. ಕರಾರಿನ ಅವಧಿಯಲ್ಲಿ ಇನ್ನು 26 ದಿನ ಉಳಿದಿತ್ತು. ಅವರು ದನಿಯನ್ನೂ ಏರಿಸಲಿಲ್ಲ: "ಫೈಲ್ ವಾಪಸ್ ತೆಗೆದುಕೊಂಡು ಬೇರೆ ಬ್ಯಾಂಕಿಗೆ ಹೋಗಿ ಸರ್, ನನ್ನದೇನೂ ಅಭ್ಯಂತರವಿಲ್ಲ." 3 ಲಕ್ಷ ಮುಂಗಡ ಕಣ್ಣೆದುರು ಬಂದು ಬಾಯಿ ಕಟ್ಟಿತು. ಮುದ್ರಾಂಕ ಮತ್ತು ನೋಂದಣಿ ಶುಲ್ಕಕ್ಕೇ ಸುಮಾರು 3 ಲಕ್ಷ ಬೇಕಿತ್ತು. ಅದರಲ್ಲಿ ಬಿದ್ದ ಕೊರತೆಯನ್ನು ತುಂಬಲು ಹೆಂಡತಿ ತನ್ನ ಎರಡು ಬಳೆ ಬಿಚ್ಚಿ ಕೊಟ್ಟಳು. ಅವು ಗಿರವಿಯಿಂದ ಮನೆಗೆ ಬಂದದ್ದು ಹದಿನಾಲ್ಕು ತಿಂಗಳ ಮೇಲೆ.

ನೋಂದಣಿಯ ದಿನ ಡಿ.ಡಿ. ತೆಗೆದುಕೊಳ್ಳಲು ಶಾಖೆಗೆ ಹೋದಾಗ ಅಲ್ಲಿನ ಅಧಿಕಾರಿ ಸಹಜವಾಗಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನೇರವಾಗಿ ಬಂದಿದ್ದರೂ ಇದೇ ಬಡ್ಡಿ ಸಿಗುತ್ತಿತ್ತಲ್ಲ. ಅವರಿಗೆ ಕಮಿಷನ್ ನಾವೇ ಕೊಡುತ್ತೇವೆ."

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಶೇಕಡ 1 ಹೆಚ್ಚೋ ಅರ್ಧ ಹೆಚ್ಚೋ ಎಂದು ಚೌಕಾಸಿಗೆ ಕೂತರೆ ಶುಲ್ಕ ಕೊಡಲೇಬೇಕು ಎಂದು ನೀವು ಆಗಲೇ ಒಪ್ಪಿಕೊಂಡಂತೆ. ನಿಮ್ಮದು ತಿಂಗಳ ಸಂಬಳ, ಮನೆಗೆ ಎ ಖಾತಾ ಇದೆ ಎಂದು ಬರೆದಿದ್ದೀರಿ. ಇಂಥ ಫೈಲನ್ನು ಯಾವ ಬ್ಯಾಂಕಾದರೂ ಕರೆದು ತೆಗೆದುಕೊಳ್ಳುತ್ತದೆ. ಬ್ಯಾಂಕಿನ ಕಮಿಷನ್ ಪಡೆಯುವ ಏಜೆಂಟರಿಗೆ ನೀವು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. "ಬ್ಯಾಂಕಿನಿಂದ ನಿಮಗೆ ಎಷ್ಟು ಸಿಗುತ್ತದೆ?" ಎಂದು ಮುಖ ನೋಡಿ ಕೇಳಿ. ಉತ್ತರ ಹಾರಿಸಿದರೆ ಎದ್ದು ಬನ್ನಿ.

ಚೌಕಾಸಿ ಮಾಡುವುದಾದರೆ ಬ್ಯಾಂಕಿನ ಹತ್ತಿರ ಮಾಡಿ. 2022ರಲ್ಲಿ ನನ್ನ ತಮ್ಮ ತುಮಕೂರಿನಲ್ಲಿ ಮನೆ ಕೊಂಡಾಗ ಯಾವ ಏಜೆಂಟರೂ ನಡುವೆ ಇರಲಿಲ್ಲ. ಒಂದು ಬ್ಯಾಂಕಿನ ಮಂಜೂರಾತಿ ಪತ್ರ ಹಿಡಿದು ಇನ್ನೊಂದು ಬ್ಯಾಂಕಿಗೆ ಹೋದ. ಅಲ್ಲಿ ಪ್ರೊಸೆಸಿಂಗ್ ಫೀಯನ್ನು ಅರ್ಧಕ್ಕೆ ಇಳಿಸಿದರು. ಅರ್ಜಿಯನ್ನೂ ಬೇಕಾದ ಮೊತ್ತಕ್ಕಷ್ಟೇ ಹಾಕಿದ್ದ, ಏಕೆಂದರೆ ಬ್ಯಾಂಕುಗಳೂ ಈ ಫೀಯನ್ನು ಮಂಜೂರಾದ ಮೊತ್ತದ ಮೇಲೆ ಹಾಕುವುದುಂಟು. ಬಡ್ಡಿ ಕಡಿಮೆ ಮಾಡಿಸುತ್ತೇನೆ ಎಂಬ ಏಜೆಂಟರ ಮಾತಿಗೂ ಮರುಳಾಗಬೇಡಿ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಚರ ಬಡ್ಡಿಯ ಗೃಹಸಾಲಗಳು ರೆಪೊ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡುವ ದರ) ಎಂಬಂಥ ಹೊರಗಿನ ದರಕ್ಕೆ ಜೋಡಣೆಯಾಗಿವೆ. ಅದರ ಮೇಲೆ ಬ್ಯಾಂಕು ಎಷ್ಟು ಸೇರಿಸುತ್ತದೆ ಎಂಬುದಕ್ಕೆ ನಿಮ್ಮ ಸಿಬಿಲ್ ಅಂಕ, ಅಂದರೆ ಹಿಂದಿನ ಸಾಲಗಳನ್ನು ತೀರಿಸಿದ ರೀತಿ ನೋಡಿ ಕೊಡುವ ಅಂಕ, ಮುಖ್ಯ. ಸಿಬಿಲ್ ವರದಿಯನ್ನು ವರ್ಷಕ್ಕೊಮ್ಮೆ ನೀವೇ ಉಚಿತವಾಗಿ ಪಡೆಯಬಹುದು.

ನಮ್ಮ ಕಾಲದಲ್ಲಿ ಇಲ್ಲದ ಒಂದು ಅಸ್ತ್ರ ನಿಮ್ಮ ಕೈಯಲ್ಲಿದೆ. 2024ರ ಅಕ್ಟೋಬರ್ 1ರಿಂದ ಹೊಸ ಗೃಹಸಾಲಕ್ಕೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಹಾಳೆಯನ್ನು ಬ್ಯಾಂಕು ಕೊಡಲೇಬೇಕು. ಎಲ್ಲ ಶುಲ್ಕಗಳೂ, ಅವನ್ನು ಸೇರಿಸಿದ ವಾರ್ಷಿಕ ದರವೂ ಅದರಲ್ಲಿರಬೇಕು. ಅಲ್ಲಿ ಕಾಣಿಸದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಬ್ಯಾಂಕು ವಸೂಲಿ ಮಾಡುವಂತಿಲ್ಲ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು ಎಂದೂ ರಿಸರ್ವ್ ಬ್ಯಾಂಕ್ ಹೇಳಿದೆ. ಕನ್ನಡದಲ್ಲೇ ಕೇಳಿ, ಸಂಕೋಚ ಬೇಡ. ಏಜೆಂಟರಿಗೆ ಕೈಯಾರೆ ಕೊಡುವ ಹಣ ಆ ಹಾಳೆಯಲ್ಲಿ ಬರುವುದಿಲ್ಲ, ಅದಕ್ಕೇ ಆ ಹಣದ ಬಗ್ಗೆ ಇಷ್ಟು ಉದ್ದ ಬರೆದೆ.

ಸ್ವಂತ ವ್ಯಾಪಾರದವರು, ಆದಾಯ ತೆರಿಗೆ ದಾಖಲೆ ಸರಿಯಿಲ್ಲದವರು ಏಜೆಂಟರಿಲ್ಲದೆ ಕಷ್ಟಪಡುವುದನ್ನು ನೋಡಿದ್ದೇನೆ. ಅಂಥವರು ಕೊಡಲಿ, ಆದರೆ ರೂಪಾಯಿಯಲ್ಲಿ ಬರೆಸಿಕೊಂಡು, ಹಣ ಬಿಡುಗಡೆಯಾದ ಮೇಲೆ.

ಕರಾರಿನ ಅವಧಿ ಇನ್ನೆಷ್ಟು ದಿನ ಇದೆ ಎಂದು ನೀವು ತಿಳಿಸಿಲ್ಲ. ಒಂದು ತಿಂಗಳು ಇದ್ದರೂ ನಾಳೆ ಬೆಳಗ್ಗೆಯೇ ನಿಮ್ಮ ಸಂಬಳ ಬರುವ ಬ್ಯಾಂಕಿನ ಶಾಖೆಗೆ ಹೋಗಿ. ಮೂರು ತಿಂಗಳ ಸಂಬಳದ ಚೀಟಿ, ಎರಡು ವರ್ಷದ ಫಾರ್ಮ್ 16, ಆರು ತಿಂಗಳ ಖಾತೆ ವಿವರ, ಕರಾರಿನ ನಕಲು, ಇ.ಸಿ. (ಮನೆಯ ಮೇಲಿನ ಋಣಭಾರ ತೋರಿಸುವ ಪತ್ರ), ಖಾತಾ ಇಷ್ಟನ್ನು ಜೊತೆಗೆ ಒಯ್ಯಿರಿ. ದಿನ ಕಡಿಮೆ ಇದ್ದರೆ ಅದಕ್ಕೂ ಮೊದಲು ಮಾರುವವರ ಮನೆಗೆ ಹೋಗಿ, ಅವಧಿಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿ ಬರವಣಿಗೆಯಲ್ಲಿ ಕೊಡುವಂತೆ ಕೇಳಿ. ಚೆಕ್ ಇನ್ನೂ ಕೊಟ್ಟಿಲ್ಲ ತಾನೆ?